ಜೈಲಿನ ಲೆಕ್ಕಕ್ಕೆ ಸಿಗದ ಕೈದಿಗಳು: ಮಾನಸಿಕ ಕಾಯಿಲೆ ಬೇರೆ, ಬೌದ್ಧಿಕ ವಿಕಲತೆ ಬೇರೆ

ಅಸ್ಸಾಂನ ಮಾಚಾಂಗ್ ಲಾಲುಂಗ್ ಅವರನ್ನು ಪೊಲೀಸರು ಬಂಧಿಸಿದ್ದು 1951ರಲ್ಲಿ. ಆಗ ಅವರಿಗೆ 23 ವರ್ಷ. ತೀವ್ರವಾಗಿ ಗಾಯಗೊಳಿಸಿದ ಆರೋಪ ಅವರ ಮೇಲಿತ್ತು. ಮನಸ್ಸು ಸ್ವಸ್ಥವಾಗಿಲ್ಲ ಎಂದು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು. 1967ರಲ್ಲಿ ಆಸ್ಪತ್ರೆಯೇ ಅವರು ಸ್ವಸ್ಥರಾಗಿದ್ದಾರೆ ಎಂದು ಬರೆದುಕೊಟ್ಟಿತು. ಆದರೂ ಬಿಡುಗಡೆ ಆಗಲಿಲ್ಲ, ವಿಚಾರಣೆಯೂ ನಡೆಯಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಗಮನಕ್ಕೆ ಬಂದು, 2005ರ ಜುಲೈನಲ್ಲಿ 1 ರೂಪಾಯಿ ಬಾಂಡ್ ಮೇಲೆ ಅವರು ಹೊರಬಂದಾಗ ವಯಸ್ಸು 77. ಒಟ್ಟು 54 ವರ್ಷಗಳ ಬಂಧನ. ಸುಪ್ರೀಂ ಕೋರ್ಟ್ ನಂತರ 3 ಲಕ್ಷ ರೂಪಾಯಿ ಪರಿಹಾರ ಮತ್ತು ತಿಂಗಳಿಗೆ 1,000 ರೂಪಾಯಿ ನೀಡುವಂತೆ ರಾಜ್ಯ ಸರ್ಕಾರಕ್ಕೆ ಹೇಳಿತು. ಬಿಡುಗಡೆಯಾಗಿ ಎರಡೂವರೆ ವರ್ಷ ಕಳೆಯುವ ಮೊದಲೇ ಅವರು ತೀರಿಕೊಂಡರು.

ಇದು ಎಲ್ಲೋ ಒಂದು ಕಡೆ ಕಡತ ಕಳೆದುಹೋಗಿ ಆದ ಎಡವಟ್ಟು ಎಂದು ತಳ್ಳಿಹಾಕುವಂತಿಲ್ಲ. 1982ರಲ್ಲೇ ಬಿಹಾರದ ಹಜಾರಿಬಾಗ್ ಕೇಂದ್ರ ಕಾರಾಗೃಹದ ವಿಷಯ ವೀಣಾ ಸೇಠಿ ಪ್ರಕರಣದ ಮೂಲಕ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಚಿತ್ತಸ್ವಾಸ್ಥ್ಯ ಇಲ್ಲ ಎಂಬ ಕಾರಣಕ್ಕೆ ಒಳಗಿದ್ದವರು, ಸ್ವಸ್ಥರಾದ ಮೇಲೂ ದಶಕಗಟ್ಟಲೆ ಅಲ್ಲಿಯೇ ಉಳಿದಿದ್ದರು. 1993ರಲ್ಲಿ ಶೀಲಾ ಬರ್ಸೆ ಪ್ರಕರಣದಲ್ಲಿ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯಾವ ಅಪರಾಧವನ್ನೂ ಮಾಡದ ಮಾನಸಿಕ ಅಸ್ವಸ್ಥರನ್ನು ಜೈಲಿನಲ್ಲಿ ಇಡುವುದೇ ಕಾನೂನುಬಾಹಿರ, ಸಂವಿಧಾನಬಾಹಿರ ಎಂದು ಸಾರಿತು. ಅಲ್ಲಿಯವರೆಗೆ ಕೆಲವು ರಾಜ್ಯಗಳಲ್ಲಿ ಬೀದಿಯಲ್ಲಿ ಅಲೆಯುತ್ತಿದ್ದ ಅಸ್ವಸ್ಥರನ್ನು 'ಸುರಕ್ಷತೆ'ಯ ಹೆಸರಿನಲ್ಲಿ ಜೈಲಿಗೆ ಹಾಕುವುದು ಮಾಮೂಲಾಗಿತ್ತು.

ಅಂದಿನಿಂದ ಇಂದಿಗೆ ಕಾನೂನು ಬದಲಾಗಿದೆ, ಪದಗಳೂ ಬದಲಾಗಿವೆ. ಆದರೆ ಈ ಚರ್ಚೆಯಲ್ಲಿ ಪದೇ ಪದೇ ಮರೆತುಹೋಗುವ ಒಂದು ಗುಂಪಿದೆ. ಅದೇ ಬೌದ್ಧಿಕ ವಿಕಲತೆ ಇರುವ ಕೈದಿಗಳದ್ದು. ಮಾನಸಿಕ ಕಾಯಿಲೆಯನ್ನಾದರೂ ಜೈಲು ಒಮ್ಮೊಮ್ಮೆ ಗುರುತಿಸುತ್ತದೆ. ಬೌದ್ಧಿಕ ವಿಕಲತೆಯನ್ನು ಗುರುತಿಸುವುದು ತೀರಾ ಅಪರೂಪ.

ಎರಡೂ ಒಂದೇ ಅಲ್ಲ

ನಮ್ಮ ಆಡುಮಾತಿನಲ್ಲಿ 'ತಲೆ ಸರಿಯಿಲ್ಲ', 'ಬುದ್ಧಿ ಕಮ್ಮಿ' ಎಂಬ ಎರಡು ಮಾತುಗಳನ್ನು ಒಂದರ ಬದಲು ಇನ್ನೊಂದನ್ನು ಬಳಸುವುದುಂಟು. ವೈದ್ಯಕೀಯವಾಗಿ ಇವು ಬೇರೆ ಬೇರೆ.

ಖಿನ್ನತೆ, ಸ್ಕಿಜೋಫ್ರೇನಿಯಾ, ಬೈಪೋಲಾರ್, ತೀವ್ರ ಆತಂಕ ಇವೆಲ್ಲ ಮಾನಸಿಕ ಕಾಯಿಲೆಗಳು. ಯಾವ ವಯಸ್ಸಿನಲ್ಲಾದರೂ ಬರಬಹುದು, ಏರಿಳಿತ ಇರುತ್ತದೆ, ಔಷಧಿ ಮತ್ತು ಆಪ್ತಸಮಾಲೋಚನೆಯಿಂದ ಹತೋಟಿಗೆ ಬರುತ್ತವೆ. ಬೌದ್ಧಿಕ ವಿಕಲತೆ ಬಾಲ್ಯದಿಂದಲೇ ಇರುವ ಸ್ಥಿತಿ. ಮೊದಲು ಇದನ್ನು ಬುದ್ಧಿಮಾಂದ್ಯತೆ ಎನ್ನುತ್ತಿದ್ದರು. ಐಕ್ಯೂ ಸುಮಾರು 70ಕ್ಕಿಂತ ಕಡಿಮೆ ಇರುವುದು ಒಂದು ಗುರುತು. ಅದಷ್ಟೇ ಸಾಲದು. ಹಣ, ಸಮಯ, ಪ್ರಯಾಣ, ಮಾತುಕತೆ ಮುಂತಾದ ದಿನನಿತ್ಯದ ವ್ಯವಹಾರಗಳಲ್ಲಿಯೂ ತೊಡಕು ಇರಬೇಕು, ಮತ್ತು ಇದೆಲ್ಲ ಬೆಳವಣಿಗೆಯ ವಯಸ್ಸಿನಲ್ಲೇ ಶುರುವಾಗಿರಬೇಕು. ಇದಕ್ಕೆ ಮಾತ್ರೆ ಇಲ್ಲ. ಬೇಕಿರುವುದು ತರಬೇತಿ ಮತ್ತು ಆಸರೆ.

ಹೆಚ್ಚಿನವರು ಅಂದುಕೊಂಡಂತೆ ಇವರನ್ನು ನೋಡಿದ ಕೂಡಲೇ ಗುರುತಿಸಲು ಆಗುವುದಿಲ್ಲ. ಬೌದ್ಧಿಕ ವಿಕಲತೆ ಇರುವವರಲ್ಲಿ ಬಹುಪಾಲು ಜನರದ್ದು ಸೌಮ್ಯ ಸ್ವರೂಪದ್ದು. ಅವರು ಮಾತನಾಡುತ್ತಾರೆ, ಗಾರೆ ಕೆಲಸಕ್ಕೆ ಹೋಗುತ್ತಾರೆ, ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಾರೆ, ಮದುವೆಯಾಗಿರುತ್ತಾರೆ. ಉದ್ದದ ವಾಕ್ಯ, ದಿನಾಂಕ, ಒಂದರ ಮೇಲೊಂದು ಷರತ್ತು, 'ಹೀಗೆ ಮಾಡಿದರೆ ಮುಂದೆ ಹಾಗಾಗುತ್ತದೆ' ಎಂಬ ಲೆಕ್ಕಾಚಾರ ಬಂದಾಗ ಎಡವುತ್ತಾರೆ. ಜೀವಮಾನವಿಡೀ ಹೀಯಾಳಿಕೆ ಕೇಳಿರುವ ಕಾರಣ, ಅರ್ಥವಾಗದಿದ್ದರೂ ಆದಂತೆ ತಲೆಯಾಡಿಸುವುದನ್ನು ಚೆನ್ನಾಗಿ ಕಲಿತಿರುತ್ತಾರೆ. ಅಂಥವರು ಪೊಲೀಸ್ ಠಾಣೆಗೆ, ಅಲ್ಲಿಂದ ಜೈಲಿಗೆ ಬಂದಾಗ 'ಸುಮ್ಮನಿರುವ, ತಂಟೆ ಇಲ್ಲದ ಕೈದಿ' ಅನ್ನಿಸಿಕೊಳ್ಳುತ್ತಾರೆ. ತಂಟೆ ಮಾಡದವರನ್ನು ವೈದ್ಯರ ಬಳಿ ಕಳುಹಿಸಲು ಯಾರಿಗೂ ಕಾರಣ ಇರುವುದಿಲ್ಲ.

ಎರಡೂ ಒಬ್ಬರಲ್ಲೇ ಇರುವುದೂ ಉಂಟು. ಬೌದ್ಧಿಕ ವಿಕಲತೆ ಇರುವವರಿಗೆ ಖಿನ್ನತೆ, ಆತಂಕ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು. ಆದರೆ ಒಂದು ಇನ್ನೊಂದನ್ನು ಮರೆಮಾಡುತ್ತದೆ. ಊಟ ಬಿಟ್ಟು ಮೂಲೆ ಹಿಡಿದವನನ್ನು ಕಂಡು 'ಅವನು ಮೊದಲಿಂದಲೂ ಹಾಗೇ' ಎಂದು ಬಿಟ್ಟುಬಿಡುತ್ತಾರೆ.

ಎಷ್ಟು ಮಂದಿ?

ಭಾರತದ ಜೈಲುಗಳಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ನಡೆದ ಅತಿ ದೊಡ್ಡ ಅಧ್ಯಯನಗಳಲ್ಲಿ ಒಂದು ಬೆಂಗಳೂರಿನದ್ದೇ. ನಿಮ್ಹಾನ್ಸ್ ತಜ್ಞರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಕೈದಿಗಳನ್ನು ಸಂದರ್ಶಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಶೇ.79.6 ಮಂದಿಯಲ್ಲಿ ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತು, ತಂಬಾಕು, ಮದ್ಯ ಸೇವನೆಯ ಸಮಸ್ಯೆ ಪತ್ತೆಯಾಯಿತು. ಸುದ್ದಿಗಳಲ್ಲಿ ಹೆಚ್ಚಾಗಿ ಕಾಣಿಸುವುದು ಈ ಸಂಖ್ಯೆಯೇ. ವ್ಯಸನದ ಲೆಕ್ಕವನ್ನು ತೆಗೆದರೆ ಮಾನಸಿಕ ಕಾಯಿಲೆ ಇದ್ದವರ ಪ್ರಮಾಣ ಶೇ.27.6. ಎರಡನೆಯದೇ ಹೆಚ್ಚು ಉಪಯುಕ್ತ ಸಂಖ್ಯೆ. ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಎಂದಾಯಿತು.

ಇದನ್ನು ಸರ್ಕಾರಿ ಲೆಕ್ಕದ ಪಕ್ಕ ಇಟ್ಟು ನೋಡಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಜೈಲು ಅಂಕಿಅಂಶಗಳ ಪ್ರಕಾರ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ಅವರಲ್ಲಿ ಮಾನಸಿಕ ಅಸ್ವಸ್ಥರೆಂದು ದಾಖಲಾದವರು ಶೇ.2ಕ್ಕಿಂತಲೂ ಕಡಿಮೆ. ಒಂದು ಜೈಲಿನಲ್ಲಿ ತಜ್ಞರು ಕೂತು ಕೇಳಿದಾಗ ಶೇ.27, ದೇಶದ ಜೈಲುಗಳು ತಾವೇ ಬರೆದುಕೊಟ್ಟಾಗ ಶೇ.2ರ ಒಳಗೆ. ಈ ಅಂತರಕ್ಕೆ ಮುಖ್ಯ ಕಾರಣ, ಕೇಳುವವರಿಲ್ಲ ಎಂಬುದು. ಇಡೀ ದೇಶದ ಜೈಲುಗಳಲ್ಲಿ ಕೆಲಸದಲ್ಲಿದ್ದ ಮನಶ್ಶಾಸ್ತ್ರಜ್ಞರು ಮತ್ತು ಮನೋವೈದ್ಯರ ಸಂಖ್ಯೆ 25 ಎಂದು ಇಂಡಿಯಾ ಜಸ್ಟೀಸ್ ರಿಪೋರ್ಟ್ 2025 ಲೆಕ್ಕ ಕೊಟ್ಟಿದೆ. ಅಂದರೆ ಸುಮಾರು 23 ಸಾವಿರ ಕೈದಿಗಳಿಗೆ ಒಬ್ಬರು. 2022ರ ಒಂದೇ ವರ್ಷದಲ್ಲಿ ಜೈಲುಗಳಲ್ಲಿ ಆತ್ಮಹತ್ಯೆ ಮಾಡಿಕೊಂಡವರು 119 ಮಂದಿ.

ಬೌದ್ಧಿಕ ವಿಕಲತೆಯ ವಿಷಯಕ್ಕೆ ಬಂದರೆ ಅಷ್ಟೂ ಇಲ್ಲ. ಆ ವರದಿಯಲ್ಲಿ ಅದಕ್ಕೆ ಪ್ರತ್ಯೇಕ ಕಾಲಂ ಇಲ್ಲ. ಕಾಲಂ ಇಲ್ಲದ ಕಡೆ ಕೈದಿಯೂ ಇರುವುದಿಲ್ಲ. 2008ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಪರಿಶೀಲನೆಯೊಂದು ಹತ್ತು ಸಮೀಕ್ಷೆಗಳ ಸುಮಾರು 12 ಸಾವಿರ ಕೈದಿಗಳ ಮಾಹಿತಿ ಸೇರಿಸಿ, ಜೈಲಿನಲ್ಲಿ ಬೌದ್ಧಿಕ ವಿಕಲತೆ ಸಾಮಾನ್ಯವಾಗಿ ಶೇ.0.5ರಿಂದ 1.5ರಷ್ಟು ಎಂದು ಹೇಳಿತ್ತು. ಇದು ಸಣ್ಣ ಪ್ರಮಾಣ ಅನ್ನಿಸಬಹುದು. ಭಾರತದ ಕೈದಿಗಳ ಸಂಖ್ಯೆಗೆ ಶೇ.1 ಎಂದು ಹಿಡಿದರೂ 5,700 ಮಂದಿ. ಪರೀಕ್ಷಿಸುವ ವಿಧಾನ ಬದಲಾದಂತೆ ಈ ಸಂಖ್ಯೆಯೂ ಬದಲಾಗುತ್ತದೆ.

ಅದಕ್ಕೆ ಸಾಕ್ಷಿ ಮರಣದಂಡನೆ ಕೈದಿಗಳ ಅಧ್ಯಯನ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ 'ಪ್ರಾಜೆಕ್ಟ್ 39ಎ' ತಂಡ 2021ರಲ್ಲಿ 'ಡೆತ್‌ವರ್ದಿ' ಎಂಬ ವರದಿ ಹೊರತಂದಿತು. ಕರ್ನಾಟಕ ಸೇರಿ ಐದು ರಾಜ್ಯಗಳ 88 ಮರಣದಂಡನೆ ಕೈದಿಗಳನ್ನು ಸಂದರ್ಶಿಸಲಾಗಿತ್ತು. ಶೇ.62.2 ಮಂದಿಯಲ್ಲಿ ಕನಿಷ್ಠ ಒಂದು ಮಾನಸಿಕ ಕಾಯಿಲೆ ಇತ್ತು. ಶೇ.11ರಷ್ಟು ಮಂದಿಗೆ ಬೌದ್ಧಿಕ ವಿಕಲತೆ ಇತ್ತು. ಸಮಾಜದಲ್ಲಿ ಇದರ ಪ್ರಮಾಣ ನೂರಕ್ಕೆ ಒಂದೆರಡು. ಗಲ್ಲು ಶಿಕ್ಷೆಗೆ ಗುರಿಯಾದವರು ತೀರಾ ಸಣ್ಣ ಗುಂಪು, ಅವರ ಲೆಕ್ಕವನ್ನು ಎಲ್ಲ ಕೈದಿಗಳಿಗೂ ಅನ್ವಯಿಸುವುದು ಸರಿಯಲ್ಲ. ಆದರೆ ಜೀವ ಹೋಗುವ ಶಿಕ್ಷೆಯ ಪ್ರಕರಣಗಳಲ್ಲೇ ಈ ಸಂಗತಿ ಸಂಶೋಧಕರು ಬರುವವರೆಗೆ ಕಣ್ಣಿಗೆ ಬೀಳದೆ ಉಳಿಯಿತು ಎಂದರೆ, ಸಣ್ಣ ಕಳ್ಳತನದ ಪ್ರಕರಣಗಳ ಕಥೆ ಏನೆಂದು ಊಹಿಸಬಹುದು.

ಠಾಣೆಯಲ್ಲಿ ಹೇಳುವ 'ಹೌದು'

ತೊಂದರೆ ಶುರುವಾಗುವುದು ಜೈಲಿನಲ್ಲಿ ಅಲ್ಲ, ವಿಚಾರಣೆಯ ಕೋಣೆಯಲ್ಲಿ. ದೊಡ್ಡವರು, ಅಧಿಕಾರಿಗಳು ಕೇಳಿದ್ದಕ್ಕೆ 'ಹೌದು' ಅನ್ನುವುದು ಬೌದ್ಧಿಕ ವಿಕಲತೆ ಇರುವ ಅನೇಕರಿಗೆ ರೂಢಿಯಾಗಿರುತ್ತದೆ. 'ನೀನು ಅಲ್ಲಿಗೆ ಹೋಗಿದ್ದೆ ತಾನೆ?' ಎಂದರೆ ಹೌದು. 'ಹೋಗಿರಲಿಲ್ಲ ಅಲ್ಲವಾ?' ಎಂದರೂ ಹೌದು. ಒಪ್ಪಿಕೊಂಡರೆ ಮನೆಗೆ ಕಳುಹಿಸುತ್ತಾರೆ ಎಂದು ನಂಬುವುದೂ ಉಂಟು.

ಇದಕ್ಕೆ ಇಂಗ್ಲೆಂಡಿನ ಒಂದು ಪ್ರಕರಣ ಪ್ರಸಿದ್ಧ. 1972ರಲ್ಲಿ ಲಂಡನ್‌ನಲ್ಲಿ ಮ್ಯಾಕ್ಸ್‌ವೆಲ್ ಕಾನ್‌ಫೇಟ್ ಎಂಬುವರ ಕೊಲೆಯಾಯಿತು. ಮೂವರು ಹುಡುಗರು ತಪ್ಪೊಪ್ಪಿಗೆ ಕೊಟ್ಟರು. ಅವರಲ್ಲಿ ಹಿರಿಯನಾದ ಕಾಲಿನ್ ಲ್ಯಾಟಿಮೋರ್‌ಗೆ ವಯಸ್ಸು 18, ಮಾನಸಿಕ ವಯಸ್ಸು ಸುಮಾರು 8. ಶಿಕ್ಷೆಯೂ ಆಯಿತು. ಆ ತಪ್ಪೊಪ್ಪಿಗೆಗಳನ್ನು ನಂಬುವಂತಿಲ್ಲ ಎಂದು 1975ರಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆ ರದ್ದು ಮಾಡಿತು. ಆ ಗಲಾಟೆಯ ಫಲವಾಗಿ ಆಯೋಗ ರಚನೆಯಾಗಿ, 1984ರ ಪೊಲೀಸ್ ಕಾಯ್ದೆ ಬಂತು. ಅಂದಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬೌದ್ಧಿಕ ವಿಕಲತೆ ಅಥವಾ ಮಾನಸಿಕ ಕಾಯಿಲೆ ಇರುವ ಶಂಕಿತರನ್ನು ಪ್ರಶ್ನಿಸುವಾಗ, ಪೊಲೀಸರಲ್ಲದ ಒಬ್ಬ ಹಿರಿಯರು ಪಕ್ಕದಲ್ಲಿ ಇರಬೇಕು. ಪ್ರಶ್ನೆ ಅರ್ಥವಾಯಿತೇ ಎಂದು ನೋಡಿಕೊಳ್ಳುವುದು ಅವರ ಕೆಲಸ.

ಭಾರತದಲ್ಲಿ ಆರೋಪಿಗೆ ಅಂಥ ಜೊತೆಗಾರರನ್ನು ಒದಗಿಸುವ ವ್ಯವಸ್ಥೆ ಇಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ ಎಂಬ ಹಳೆಯ ರಕ್ಷಣೆ ಏನೋ ಇದೆ. ಆದರೆ ಆ ಹೇಳಿಕೆಯಿಂದ ಏನಾದರೂ ವಸ್ತು ಪತ್ತೆಯಾದರೆ ಅಷ್ಟು ಭಾಗ ಸಾಕ್ಷ್ಯವಾಗಿ ನಿಲ್ಲುತ್ತದೆ. ಮ್ಯಾಜಿಸ್ಟ್ರೇಟ್ ಮುಂದೆ ಕೊಟ್ಟ ತಪ್ಪೊಪ್ಪಿಗೆಗೂ ಬೆಲೆ ಇದೆ. 'ಸ್ವಇಚ್ಛೆಯಿಂದ ಹೇಳುತ್ತಿದ್ದೀಯಾ?' ಎಂದು ಮ್ಯಾಜಿಸ್ಟ್ರೇಟ್ ಕೇಳಲೇಬೇಕು. ಆ ಪ್ರಶ್ನೆಗೂ ಉತ್ತರ 'ಹೌದು' ಎಂದೇ ಬರಬಹುದು.

ಭಾಷೆಯ ತೊಡಕು ಇದರ ಮೇಲೆ ಇನ್ನೊಂದು ಹೊರೆ. ಕಲಬುರಗಿ, ಯಾದಗಿರಿ ಕಡೆಯಿಂದ ಕೂಲಿಗೆಂದು ಮುಂಬೈ, ಪುಣೆಗೆ ಹೋಗುವವರು ಅನೇಕರು. ಅಂಥ ಒಬ್ಬರು ಯೆರವಡಾ ಜೈಲು ಸೇರಿದರೆ ಅವರ ಮೌನಕ್ಕೆ ಕಾರಣ ಭಾಷೆಯೋ, ಭಯವೋ, ಬೌದ್ಧಿಕ ವಿಕಲತೆಯೋ ಎಂದು ಹೇಳುವುದು ಅನುಭವಿಗಳಿಗೂ ಕಷ್ಟ. ಪರೀಕ್ಷೆ ಮಾಡಿದರೂ ತಿಳಿಯದ ಭಾಷೆಯಲ್ಲಿ ಮಾಡಿದರೆ ಅಂಕ ಇಳಿಯುತ್ತದೆ, ಇಲ್ಲದ ವಿಕಲತೆ ಇದೆ ಎಂದಾಗುತ್ತದೆ. ಕುತೂಹಲದ ಸಂಗತಿ ಎಂದರೆ, ಭಾರತೀಯ ಭಾಷೆಗಳಲ್ಲಿ ಬಂದ ಮೊದಮೊದಲ ಬುದ್ಧಿಮತ್ತೆ ಪರೀಕ್ಷೆಗಳಲ್ಲಿ ಒಂದು ಕನ್ನಡದ್ದೇ. 1930ರ ದಶಕದಲ್ಲಿ ವಿ.ವಿ. ಕಾಮತ್ ಅವರು ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ಆಗಿನ ಮುಂಬೈ-ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. 'ಬಿನೆ-ಕಾಮತ್ ಪರೀಕ್ಷೆ' ಎಂಬ ಹೆಸರಿನಲ್ಲಿ ಅದು ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ಒಂದು ಪದದಿಂದ ಬದಲಾಗುವ ಮೊಕದ್ದಮೆ

ಕಾನೂನಿನಲ್ಲಿ ಎರಡು ಪ್ರಶ್ನೆಗಳಿವೆ, ಇವೆರಡನ್ನೂ ಕಲಸಬಾರದು. ಮೊದಲನೆಯದು, ಕೃತ್ಯ ನಡೆದ ಹೊತ್ತಿನಲ್ಲಿ ಆರೋಪಿಯ ಮನಸ್ಸು ಹೇಗಿತ್ತು ಎಂಬುದು. ಭಾರತೀಯ ದಂಡ ಸಂಹಿತೆಯ 84ನೇ ಸೆಕ್ಷನ್, ಈಗ ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ಇದನ್ನು ಹೇಳುತ್ತದೆ. ಚಿತ್ತಸ್ವಾಸ್ಥ್ಯ ಇಲ್ಲದ ಕಾರಣ ತಾನು ಮಾಡುತ್ತಿರುವುದೇನು ಎಂದಾಗಲಿ, ಅದು ತಪ್ಪು ಎಂದಾಗಲಿ ತಿಳಿಯದ ಸ್ಥಿತಿ ಇದ್ದರೆ ಅದು ಅಪರಾಧವಲ್ಲ. ಇದರ ಮೂಲ 1843ರ ಇಂಗ್ಲೆಂಡಿನ ಮ್ಯಾಕ್‌ನಾಟನ್ ನಿಯಮಗಳು. ಈ ಮೆಟ್ಟಿಲು ಬಹಳ ಎತ್ತರದ್ದು, ಸಾಬೀತು ಮಾಡುವ ಹೊಣೆಯೂ ಆರೋಪಿಯದೇ. ಸೌಮ್ಯ ಬೌದ್ಧಿಕ ವಿಕಲತೆ ಇರುವವರು ಇದರಡಿ ಪಾರಾಗುವುದು ಅಪರೂಪ, ಏಕೆಂದರೆ 'ಕದಿಯುವುದು ತಪ್ಪು' ಎಂಬಷ್ಟು ಅವರಿಗೆ ಗೊತ್ತಿರುತ್ತದೆ.

ಎರಡನೆಯ ಪ್ರಶ್ನೆ, ಈಗ ಮೊಕದ್ದಮೆ ಎದುರಿಸಲು, ತನ್ನ ಪರ ವಾದಿಸಲು ಆರೋಪಿಗೆ ಆಗುತ್ತದೆಯೇ ಎಂಬುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ನೇ ಸೆಕ್ಷನ್‌ನಿಂದ ಮುಂದಿನ ಭಾಗ ಇದರ ಬಗ್ಗೆಯೇ ಇದೆ. ಸಂಶಯ ಬಂದರೆ ನ್ಯಾಯಾಧೀಶರು ಆರೋಪಿಯನ್ನು ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಕಳುಹಿಸಬೇಕು. ಬರುವ ವರದಿಯಲ್ಲಿ ಯಾವ ಪದ ಇದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಆರೋಪಿಗೆ ಮಾನಸಿಕ ಕಾಯಿಲೆ ಇದ್ದು, ಮೇಲ್ನೋಟಕ್ಕೆ ಪ್ರಕರಣದಲ್ಲಿ ಹುರುಳಿದ್ದರೆ, ಚಿಕಿತ್ಸೆಗೆ ಬೇಕಾದಷ್ಟು ಕಾಲ ವಿಚಾರಣೆ ಮುಂದಕ್ಕೆ ಹೋಗುತ್ತದೆ. ಗುಣವಾದ ಮೇಲೆ ಮತ್ತೆ ಶುರು. ಬೌದ್ಧಿಕ ವಿಕಲತೆ ಇದ್ದು, ಅದರಿಂದಾಗಿ ಪ್ರತಿವಾದ ಮಾಡಲು ಆಗುವುದಿಲ್ಲ ಎಂದು ಕಂಡುಬಂದರೆ ವಿಚಾರಣೆಯನ್ನು ಮುಂದೂಡುವುದಲ್ಲ, ಮುಕ್ತಾಯ ಮಾಡಬೇಕು. ನಂತರ ಆ ವ್ಯಕ್ತಿಯನ್ನು ಮನೆಯವರ ಜವಾಬ್ದಾರಿಗೆ ಒಪ್ಪಿಸುವುದೋ, ವಸತಿ ಕೇಂದ್ರಕ್ಕೆ ಕಳುಹಿಸುವುದೋ ಎಂಬುದನ್ನು ನಿರ್ಧರಿಸಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ 2008ರಲ್ಲಿ ತಂದ ತಿದ್ದುಪಡಿಯಲ್ಲೇ ಈ ಮಾತು ಸೇರಿತ್ತು. ಆಗ 'ಬುದ್ಧಿಮಾಂದ್ಯತೆ' ಎಂದಿತ್ತು, ಈಗ 'ಬೌದ್ಧಿಕ ವಿಕಲತೆ' ಎಂದಾಗಿದೆ.

ಈ ವ್ಯತ್ಯಾಸದಲ್ಲಿ ತರ್ಕ ಇದೆ. ಗುಣವಾಗುವ ಕಾಯಿಲೆಯಲ್ಲದ್ದು ಗುಣವಾಗಲಿ ಎಂದು ಕಾಯುತ್ತ ಕೂತರೆ ಆ ಕಾಯುವಿಕೆಗೆ ಕೊನೆಯೇ ಇಲ್ಲ. ಮಾಚಾಂಗ್ ಲಾಲುಂಗ್ ಅವರಂಥ ಬಂಧನ ಮರುಕಳಿಸುವುದು ಇಂಥ ಕಡೆಯಲ್ಲೇ. ಹಾಗಾಗಿ ಬೌದ್ಧಿಕ ವಿಕಲತೆ ಇರುವವರನ್ನು ತಪ್ಪಾಗಿ ಮಾನಸಿಕ ರೋಗಿ ಎಂದು ಬರೆದರೆ, ಮುಗಿಯಬೇಕಿದ್ದ ಪ್ರಕರಣ ವರ್ಷಗಟ್ಟಲೆ ಉಳಿಯುತ್ತದೆ. ಏನೂ ಬರೆಯದೆ ಬಿಟ್ಟರೆ ತನಗೆ ಅರ್ಥವಾಗದ ಮೊಕದ್ದಮೆಯಲ್ಲಿ ಆತ ಸಾಮಾನ್ಯ ಆರೋಪಿಯಂತೆ ಶಿಕ್ಷೆ ಅನುಭವಿಸುತ್ತಾನೆ.

ಯಾವ ಕಾಯ್ದೆಯ ಮನೆಯವರು?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಸೆಕ್ಷನ್ ಕೈದಿಗಳಿಗೆಂದೇ ಇದೆ. ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಘಟಕ ಇರಬೇಕು. ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಪರಿಶೀಲನಾ ಮಂಡಳಿಗೆ ವರದಿ ಕಳುಹಿಸಬೇಕು. ಮಂಡಳಿಯವರು ಜೈಲಿಗೆ ಬಂದು, ಮಾನಸಿಕ ಅಸ್ವಸ್ಥ ಕೈದಿಯನ್ನು ಅಲ್ಲೇ ಏಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಬಹುದು. ಓದಲು ಚೆನ್ನಾಗಿದೆ. ಆದರೆ ಇದೇ ಕಾಯ್ದೆ 'ಮಾನಸಿಕ ಕಾಯಿಲೆ' ಎಂಬುದರ ವ್ಯಾಖ್ಯೆಯಿಂದ ಬುದ್ಧಿಮಾಂದ್ಯತೆಯನ್ನು ಹೊರಗಿಟ್ಟಿದೆ. ಅದು ಕಾಯಿಲೆಯಲ್ಲ ಎಂಬ ಕಾರಣಕ್ಕೆ ಹೊರಗಿಟ್ಟದ್ದು ಸರಿಯೇ. ಜೈಲಿನ ಒಳಗೆ ಮಾತ್ರ ಅದರ ಪರಿಣಾಮ ಬೇರೆ: ಆ ಘಟಕ, ಆ ವರದಿ, ಆ ಭೇಟಿ ಯಾವುದೂ ಬೌದ್ಧಿಕ ವಿಕಲತೆ ಇರುವ ಕೈದಿಗೆ ಅನ್ವಯಿಸುವುದಿಲ್ಲ.

ಅವರಿಗೆ ಇರುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಅದರ 12ನೇ ಸೆಕ್ಷನ್ ನ್ಯಾಯ ಪಡೆಯಲು ಸಮಾನ ಅವಕಾಶ ಕೊಡಬೇಕು ಎನ್ನುತ್ತದೆ. ಜೈಲಿನ ಬಾಗಿಲಲ್ಲಿ ಯಾರು, ಯಾವಾಗ, ಹೇಗೆ ಪರೀಕ್ಷೆ ಮಾಡಬೇಕು ಎಂಬ ವಿವರ ಅದರಲ್ಲಿಲ್ಲ. ಈ ಕೊರತೆಯನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಸ್ವಲ್ಪಮಟ್ಟಿಗೆ ತುಂಬಿತು. ಸ್ನಾಯು ಕ್ಷೀಣತೆಯ ಕಾಯಿಲೆ ಇದ್ದ ತಮಿಳುನಾಡಿನ ವಕೀಲರೊಬ್ಬರು ಜೈಲಿನಲ್ಲಿ ಅನುಭವಿಸಿದ ತೊಂದರೆಯ ಪ್ರಕರಣ ಅದು. ಜೈಲಿಗೆ ಬರುವ ದಿನವೇ ವಿಕಲತೆ ಇರುವವರನ್ನು ಗುರುತಿಸಬೇಕು, ತಮ್ಮ ಅಗತ್ಯ ಹೇಳಿಕೊಳ್ಳಲು ಅವಕಾಶ ಕೊಡಬೇಕು, ನಿಯಮಗಳನ್ನು ಸರಳ ರೂಪದಲ್ಲಿ ತಿಳಿಸಬೇಕು ಎಂದು ಕೋರ್ಟ್ ನಿರ್ದೇಶನ ಕೊಟ್ಟಿತು. ಗಾಲಿಕುರ್ಚಿ ಬೇಕಾದವರು ಅದನ್ನು ಕೇಳಬಲ್ಲರು. ಬೌದ್ಧಿಕ ವಿಕಲತೆ ಇರುವವರು ಏನು ಕೇಳಬೇಕೆಂದೇ ತಿಳಿಯದವರು. ಅವರ ವಿಷಯದಲ್ಲಿ 'ಹೇಳಿಕೊಳ್ಳುವ ಅವಕಾಶ' ಸಾಲದು, ಸಿಬ್ಬಂದಿಯೇ ಕೇಳಬೇಕು. ಯಾವ ತರಗತಿಯವರೆಗೆ ಓದಿದ್ದೀಯ, ಗಡಿಯಾರ ನೋಡಿ ಸಮಯ ಹೇಳುತ್ತೀಯಾ, ಒಬ್ಬನೇ ಬಸ್ಸಿನಲ್ಲಿ ಹೋಗುತ್ತಿದ್ದೆಯಾ ಎಂಬಂಥ ಐದಾರು ಪ್ರಶ್ನೆಗಳು ಸಂಶಯ ಹುಟ್ಟಿಸಲು ಸಾಕು. ಖಚಿತಪಡಿಸುವುದು ತಜ್ಞರ ಕೆಲಸ.

ಗೋಡೆಯ ಒಳಗಿನ ದಿನಗಳು

ಜೈಲಿನ ದಿನಚರಿ ನಿಂತಿರುವುದೇ ಸೂಚನೆಗಳ ಮೇಲೆ. ಎಣಿಕೆಗೆ ಸಾಲು ನಿಲ್ಲುವುದು, ಕೋರ್ಟ್ ದಿನಾಂಕ ನೆನಪಿಡುವುದು, ಅರ್ಜಿ ಬರೆಸುವುದು, ಭೇಟಿಗೆ ಹೆಸರು ಕೊಡುವುದು. ಇವುಗಳಲ್ಲಿ ಎಡವಿದವರನ್ನು ಸಿಬ್ಬಂದಿ 'ಮಾತು ಕೇಳದವನು' ಎಂದುಕೊಳ್ಳುತ್ತಾರೆ. ಸಹಕೈದಿಗಳ ಕೈಯಲ್ಲಿ ಇವರು ಸುಲಭದ ತುತ್ತು. ಬಟ್ಟೆ ಒಗೆಸುವುದು, ಮನೆಯಿಂದ ಬಂದ ಹಣ ಕಿತ್ತುಕೊಳ್ಳುವುದು, ನಿಷೇಧಿತ ವಸ್ತು ಇವರ ಬಳಿ ಇಡುವುದು, ಸಿಕ್ಕಿಬಿದ್ದಾಗ ಹೊಣೆ ಹೊರಿಸುವುದು, ಲೈಂಗಿಕ ದೌರ್ಜನ್ಯ ಎಲ್ಲವೂ ಇದರಲ್ಲಿ ಬರುತ್ತವೆ. ಹೊರಗೆ ಹೇಳಲು ಇವರಿಗೆ ಮಾತು ಸಾಲುವುದಿಲ್ಲ, ಹೇಳಿದರೂ ನಂಬುವವರು ಕಡಿಮೆ.

ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ಮಂಡೇಲಾ ನಿಯಮಗಳಲ್ಲಿ ಇದಕ್ಕೆ ನೇರ ಉತ್ತರ ಇದೆ. ಕೈದಿಗೆ ಶಿಸ್ತುಕ್ರಮ ಜರುಗಿಸುವ ಮೊದಲು, ಆ ವರ್ತನೆಗೆ ಮಾನಸಿಕ ಕಾಯಿಲೆ ಅಥವಾ ಬೆಳವಣಿಗೆಯ ವಿಕಲತೆ ಕಾರಣವೇ ಎಂದು ನೋಡಬೇಕು. ಕಾರಣವಾಗಿದ್ದರೆ ಶಿಕ್ಷಿಸುವಂತಿಲ್ಲ. ವಿಕಲತೆ ಇರುವವರ ಸ್ಥಿತಿ ಬಿಗಡಾಯಿಸುವುದಾದರೆ ಅವರನ್ನು ಏಕಾಂತ ಸೆರೆಯಲ್ಲಿ ಇಡುವಂತಿಲ್ಲ.

ಮಾನಸಿಕ ಕಾಯಿಲೆ ಇರುವವರಿಗೆ ಮೊದಲ ಕೆಲವು ದಿನ ಅತಿ ಅಪಾಯದವು. ಹೊರಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆ ಬಂಧನದೊಂದಿಗೆ ನಿಂತುಹೋಗುತ್ತದೆ. ಕುಡಿತ ಅಥವಾ ಮಾದಕ ವಸ್ತು ಏಕಾಏಕಿ ನಿಂತಾಗ ನಡುಕ, ಭ್ರಮೆ ಶುರುವಾಗುತ್ತದೆ. ಇದನ್ನು ಹುಚ್ಚಾಟ ಎಂದೋ ನಾಟಕ ಎಂದೋ ಭಾವಿಸಿ ಹೊಡೆತ ಕೊಟ್ಟ ಉದಾಹರಣೆಗಳು ಕಡಿಮೆ ಇಲ್ಲ. ಆತ್ಮಹತ್ಯೆಯ ಅಪಾಯ ಹೆಚ್ಚಿರುವುದೂ ಈ ಆರಂಭದ ದಿನಗಳಲ್ಲೇ, ಮತ್ತು ತೀರ್ಪು ಬಂದ ಆಸುಪಾಸಿನಲ್ಲಿ.

ಗಲ್ಲು ಶಿಕ್ಷೆಯ ಎದುರು

2014ರ ಜನವರಿಯಲ್ಲಿ ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾನಸಿಕ ಕಾಯಿಲೆಯನ್ನು ಗಲ್ಲು ಶಿಕ್ಷೆ ಇಳಿಸಲು ಒಂದು ಕಾರಣವೆಂದು ಒಪ್ಪಿತು. 2019ರಲ್ಲಿ 'ಆರೋಪಿ ಎಕ್ಸ್' ಎಂದು ಹೆಸರು ಮರೆಮಾಡಿದ ಮಹಾರಾಷ್ಟ್ರದ ಪ್ರಕರಣದಲ್ಲಿ, ಶಿಕ್ಷೆಯ ನಂತರ ಬಂದ ತೀವ್ರ ಮಾನಸಿಕ ಕಾಯಿಲೆಯನ್ನೂ ಪರಿಗಣಿಸಿತು. 2022ರ ಮನೋಜ್ ಪ್ರಕರಣದಲ್ಲಿ, ಮರಣದಂಡನೆ ಕೊಡುವ ಮೊದಲು ಆರೋಪಿಯ ಮನೋವೈದ್ಯಕೀಯ ಮೌಲ್ಯಮಾಪನ ವರದಿ ನ್ಯಾಯಾಲಯದ ಮುಂದೆ ಇರಬೇಕು ಎಂದಿತು. ಬೌದ್ಧಿಕ ವಿಕಲತೆ ಇರುವವರು ಈ ವರದಿಯ ಹಾದಿಯಲ್ಲೇ ಮೊದಲ ಬಾರಿಗೆ ಕಣ್ಣಿಗೆ ಬೀಳುವ ಸಾಧ್ಯತೆ ಇದೆ. ಅಮೆರಿಕದ ಸುಪ್ರೀಂ ಕೋರ್ಟ್ 2002ರ ಅಟ್ಕಿನ್ಸ್ ತೀರ್ಪಿನಲ್ಲೇ ಇಂಥವರನ್ನು ಗಲ್ಲಿಗೇರಿಸುವುದನ್ನು ನಿಷೇಧಿಸಿದೆ. ಸಿಂಗಾಪುರದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಮಲೇಷ್ಯಾದ ತಮಿಳು ಮೂಲದ ನಾಗೇಂದ್ರನ್ ಧರ್ಮಲಿಂಗಂ ತೊಡೆಗೆ ಕಟ್ಟಿಕೊಂಡಿದ್ದ 42.72 ಗ್ರಾಂ ಹೆರಾಯಿನ್ ಜೊತೆ 2009ರಲ್ಲಿ ಸಿಕ್ಕಿಬಿದ್ದರು. ಐಕ್ಯೂ 69 ಎಂದು ವಕೀಲರು ತೋರಿಸಿದರೂ, ತಾನು ಮಾಡುತ್ತಿರುವುದು ಅವರಿಗೆ ಗೊತ್ತಿತ್ತು ಎಂದು ಅಲ್ಲಿನ ನ್ಯಾಯಾಲಯಗಳು ಹೇಳಿದವು. 2022ರ ಏಪ್ರಿಲ್ 27ರಂದು ಗಲ್ಲಿಗೇರಿಸಲಾಯಿತು.

ಕುಟುಂಬದವರು ಏನು ಮಾಡಬಹುದು?

ಬಂಧನವಾದ ಕೂಡಲೇ ಹಳೆಯ ಕಾಗದ ಹುಡುಕುವುದು ಮೊದಲ ಕೆಲಸ. ವಿಶಿಷ್ಟ ಅಂಗವಿಕಲರ ಗುರುತಿನ ಚೀಟಿ ಇದ್ದರೆ ಸರಿ. ಇಲ್ಲದಿದ್ದರೆ ಶಾಲೆ ಬಿಟ್ಟ ದಾಖಲೆ, ಒಂದೇ ತರಗತಿಯಲ್ಲಿ ಉಳಿದದ್ದು, ವಿಶೇಷ ಶಾಲೆಯ ಪತ್ರ, ಬಾಲ್ಯದಲ್ಲಿ ತೋರಿಸಿದ ಆಸ್ಪತ್ರೆಯ ಚೀಟಿ ಎಲ್ಲವೂ ಬೇಕು. ವಿಕಲತೆ ಬಾಲ್ಯದಿಂದಲೇ ಇತ್ತು ಎಂಬುದಕ್ಕೆ ಇವೇ ಸಾಕ್ಷಿ. ಬಂಧನದ ನಂತರ ಮಾಡಿಸಿದ ಪ್ರಮಾಣಪತ್ರವನ್ನಷ್ಟೇ ತೋರಿಸಿದರೆ ಶಿಕ್ಷೆ ತಪ್ಪಿಸಿಕೊಳ್ಳುವ ನೆಪ ಎಂಬ ಆಕ್ಷೇಪ ಬರುತ್ತದೆ. ಮಾನಸಿಕ ಕಾಯಿಲೆ ಇದ್ದರೆ ಔಷಧಿ ಚೀಟಿಯ ಪ್ರತಿಯನ್ನು ಜೈಲಿನ ವೈದ್ಯಾಧಿಕಾರಿಗೆ ಬರಹದಲ್ಲಿ ಕೊಟ್ಟು, ಸ್ವೀಕೃತಿ ಪಡೆಯಬೇಕು.

ವಕೀಲರು 367ನೇ ಸೆಕ್ಷನ್ ಅಡಿ, ಸೆಷನ್ಸ್ ಕೋರ್ಟ್ ಆದರೆ 368ರ ಅಡಿ ಅರ್ಜಿ ಹಾಕಬೇಕು. ಬೌದ್ಧಿಕ ವಿಕಲತೆಯೋ ಮಾನಸಿಕ ಕಾಯಿಲೆಯೋ ಎಂಬುದನ್ನು ವರದಿ ಪ್ರತ್ಯೇಕವಾಗಿ ಹೇಳಲಿ ಎಂದೇ ಅದರಲ್ಲಿ ಕೇಳಿಕೊಳ್ಳಬೇಕು. ಮೌಲ್ಯಮಾಪನ ಆರೋಪಿಯ ಮಾತೃಭಾಷೆಯಲ್ಲಿ ನಡೆಯಲಿ, ಬೇಕಿದ್ದರೆ ದುಭಾಷಿ ಇರಲಿ ಎಂದೂ ಸೇರಿಸಬಹುದು. ಹೊರರಾಜ್ಯದಲ್ಲಿರುವ ಕನ್ನಡಿಗರಿಗೆ ಇದು ಮುಖ್ಯ.

ವಕೀಲರಿಗೆ ದುಡ್ಡಿಲ್ಲ ಎಂಬುದು ಅಡ್ಡಿಯಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಬಂಧನದಲ್ಲಿರುವವರಿಗೂ ವಿಕಲಚೇತನರಿಗೂ ಆದಾಯದ ಮಿತಿ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಪ್ರತಿ ಜಿಲ್ಲೆಯಲ್ಲೂ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ಇದೆ, ಚಿತ್ತಸ್ವಾಸ್ಥ್ಯ ಇಲ್ಲದ ಆರೋಪಿಗಳ ಪ್ರಕರಣ ಅದರ ಮುಂದೆ ಬರಬೇಕು. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ, ಮೊದಲ ಬಾರಿಯ ಆರೋಪಿಯಾದರೆ ಮೂರನೇ ಒಂದು ಭಾಗದಷ್ಟು ಕಾಲ ಜೈಲಿನಲ್ಲಿ ಕಳೆದಿದ್ದರೆ 479ನೇ ಸೆಕ್ಷನ್ ಅಡಿ ಬಿಡುಗಡೆ ಕೋರಬಹುದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಪ್ರಕರಣಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೆ ಈ ಸೌಲಭ್ಯ ಇಲ್ಲ. ಬಿಡುಗಡೆಯ ನಂತರದ ಸಲಹೆಗೆ, ಅಥವಾ ಮನೆಯವರೇ ಕುಸಿದು ಹೋಗಿದ್ದರೆ, ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ. ಕನ್ನಡದಲ್ಲೂ ಮಾತನಾಡಬಹುದು.